ಮರದ ನೆರಳಿಗೆ ಯಾವ ಗಿಡ? ದುರ್ಗ-ದಾವಣಗೆರೆ ಸೀಮೆಯವರಿಗೊಂದು ಹೋಲಿಕೆ

ಮುಂಗಾರು ಹತ್ತಿರ ಬಂತು ಅಂದರೆ ಸಾಕು, ಪರಿಚಯದವರಿಂದ ಒಂದೇ ಪ್ರಶ್ನೆ. ಮನೆ ಹಿಂದೆ ಹೊಂಗೆ ಮರ ಇದೆ, ಅಡಿಯಲ್ಲಿ ಏನು ಹಾಕಿದರೂ ಬರೋದಿಲ್ಲ, ಏನು ಹಾಕಲಿ? ಹೊಂಗೆ ಜಾಗದಲ್ಲಿ ಕೆಲವರದು ಬೇವು, ಹೊಳಲ್ಕೆರೆ ಕಡೆಯವರದು ಮಾವು, ಹೊಲದ ಬದುವಿನವರದು ಹುಣಸೆ. ಕೈಯಲ್ಲೊಂದು ಪಟ್ಟಿಯೂ ಇರುತ್ತದೆ: ಕರಿಬೇವು, ಸೀತಾಫಲ, ಕನಕಾಂಬರ, ಆಡುಸೋಗೆ, ಕವಳಿ, ಅರಿಶಿನ. ಇದರಲ್ಲಿ ಯಾವುದು ಅಂತ ಹೇಳಿಬಿಡಿ ಅಂತಾರೆ.

ಹೇಳಿಬಿಡುವಷ್ಟು ಸಲೀಸಿಲ್ಲ. ನಾನೇ ಮೊದಲು ಎಡವಿದವನು. ನಮ್ಮ ಹಿತ್ತಲ ಹೊಂಗೆ ಕೆಳಗೆ ಒಂದೇ ಸಲಕ್ಕೆ ಹನ್ನೆರಡು ದಾಸವಾಳ ಇಟ್ಟಿದ್ದೆ. ಗಿಡ ಮಾರಿದವರು "ನೆರಳಲ್ಲೂ ಬರ್ತದೆ ಸಾರ್" ಅಂದಿದ್ದರು. ಅವರು ಸುಳ್ಳು ಹೇಳಲಿಲ್ಲ, ಬಂದವು. ಒಂದೊಂದೂ ಬಡಕಲು ಕೋಲಾಗಿ ಕಾಂಪೌಂಡಿನ ಆಚೆ ಬೆಳಕು ಬೀಳುವ ಕಡೆಗೆ ಕತ್ತು ಚಾಚಿಕೊಂಡು ಬಂದವು. ಎರಡು ವರ್ಷದಲ್ಲಿ ಬಿಟ್ಟ ಹೂವು ಕೈಬೆರಳಿನಲ್ಲಿ ಎಣಿಸುವಷ್ಟು. ಮೂರನೇ ಬೇಸಿಗೆಗೆ ಒಂದೂ ಉಳಿಯಲಿಲ್ಲ.

ಆಮೇಲೆ ಬುದ್ಧಿ ಕಲಿಸಿದ್ದು ಜೋಗಿಮಟ್ಟಿ. ಚಿತ್ರದುರ್ಗದ ಪಕ್ಕದಲ್ಲೇ ಇರುವ ಆ ಕಾಡನ್ನು ನಾವು ನೋಡಲು ಹೋಗುವುದೇ ಮಳೆಗಾಲದಲ್ಲಿ, ಮಂಜು ಮುಸುಕಿದಾಗ. ಆಗ ಮೇಲೆ ಮರಗಳ ಚಪ್ಪರ, ಕೆಳಗೆ ಕಾರೆ, ಕವಳಿ, ಬಂದರಿಕೆ, ಸೀತಾಫಲದ ಪೊದೆ. ಓಹೋ, ಇವೆಲ್ಲ ನೆರಳಿನ ಗಿಡ ಅನ್ನಿಸುತ್ತದೆ. ಅದೇ ಜಾಗಕ್ಕೆ ಮಾರ್ಚಿಯಲ್ಲಿ ಹೋಗಿ ನೋಡಿ. ದಿಂಡಿಗ, ಕಗ್ಗಲಿ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತವೆ, ಬಿಸಿಲು ನೆಲ ಮುಟ್ಟುತ್ತಿರುತ್ತದೆ. ನಮ್ಮದು ಎಲೆ ಉದುರುವ ಒಣಕಾಡು. ಇಲ್ಲಿನ ಪೊದೆಗಳಿಗೆ ನೆರಳು ಮಳೆಗಾಲದ್ದು, ಬೇಸಿಗೆಯಲ್ಲಿ ಮೈತುಂಬ ಬಿಸಿಲು. ವರ್ಷವಿಡೀ ಕತ್ತಲೆ ಅಂದರೆ ಏನು ಅಂತ ಅವಕ್ಕೆ ಗೊತ್ತೇ ಇಲ್ಲ. ಹಿತ್ತಲ ಮಾವಿನ ಕೆಳಗಿರುವುದು ಇದಕ್ಕೆ ಉಲ್ಟಾ. ಅದು ಹನ್ನೆರಡು ತಿಂಗಳ ನೆರಳು. ಹಾಗಾಗಿ ಕಾಡಿನಲ್ಲಿ ಮರದಡಿ ಬೆಳೆಯುವ ಗಿಡ ಅಂತ ತಂದು ಮಾವಿನಡಿ ನೆಟ್ಟರೆ ಸೋಲುತ್ತದೆ.

ಮೊದಲು ಅಳೆಯಬೇಕಾದ್ದು

ಮೊದಲಿಗೆ ನೆರಳು. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ, ನೆತ್ತಿ ಮೇಲೆ ಸೂರ್ಯ ಇರುವಾಗ ಮರದ ಕೆಳಗೆ ಒಂದು ಬಿಳಿ ಪಂಚೆ ಹಾಸಿ. ಪಂಚೆಯ ಅರ್ಧದಷ್ಟು ಬಿಸಿಲಿನ ಚುಕ್ಕಿ ಬಿದ್ದರೆ ಅದು ಚುಕ್ಕಿ ನೆರಳು. ಅಲ್ಲೊಂದು ಇಲ್ಲೊಂದು ಬಿದ್ದರೆ ದಟ್ಟ ನೆರಳು. ಒಂದೇ ಮರದ ಬುಡದಲ್ಲಿ ದಟ್ಟ ನೆರಳು, ಅಂಚಿನಲ್ಲಿ ಚುಕ್ಕಿ ನೆರಳು ಇರುವುದೂ ಉಂಟು, ಅದಕ್ಕೇ ಎರಡು ಕಡೆ ಹಾಸಿ ನೋಡುವುದು ಒಳ್ಳೆಯದು.

ಎರಡನೆಯದು ಬೇರು. ಇದನ್ನು ಯಾರೂ ನೋಡುವುದಿಲ್ಲ, ಗಿಡ ಸಾಯುವುದು ಮಾತ್ರ ಹೆಚ್ಚಾಗಿ ಇದರಿಂದಲೇ. ಒಂದು ಗೇಣು ಆಳ ಅಗೆದು ಒಂದು ಹಿಡಿ ಮಣ್ಣು ಎತ್ತಿಕೊಳ್ಳಿ. ನಮ್ಮ ಹೊಂಗೆ ಕೆಳಗೆ ಹಾರೆ ಹಾಕಿದಾಗ ಮಣ್ಣು ಪುಡಿಯಾಗಿ ಬರಲಿಲ್ಲ, ನಾರಿನ ಚಾಪೆಯ ಹಾಗೆ ಎದ್ದು ಬಂತು. ಕೂದಲೆಳೆಯಂಥ ಬೇರು ಒಂದಕ್ಕೊಂದು ಹೆಣೆದು ಮಣ್ಣನ್ನೇ ಹಿಡಿದುಕೊಂಡಿತ್ತು. ಅಂಥ ಜಾಗದಲ್ಲಿ ನಾವು ಗಿಡಕ್ಕೆ ಹೊಯ್ದ ನೀರನ್ನು ಮೊದಲು ಕುಡಿಯುವುದು ಮರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಸೀಮೆ ನಮ್ಮದು, ಚಳ್ಳಕೆರೆ-ಹಿರಿಯೂರು ಕಡೆ ಅದಕ್ಕೂ ಕಡಿಮೆ. ಮಲೆನಾಡಿನಲ್ಲಿ ಮರದಡಿಯ ಗಿಡ ಬೆಳಕಿಗಾಗಿ ಗುದ್ದಾಡುತ್ತದೆ, ಇಲ್ಲಿ ನೀರಿಗಾಗಿ.

ಅಲ್ಲಿಂದ ಮೂರನೆಯದಕ್ಕೆ ಬರಬೇಕು: ನೀರು ಹೊಯ್ಯುವವರು ಯಾರು? ಗಿಡಕ್ಕೆ ವಾರಕ್ಕೊಂದು ಬಿಂದಿಗೆ ಅಂತಿಟ್ಟುಕೊಳ್ಳಿ. ಹತ್ತು ಗಿಡ, ಫೆಬ್ರವರಿಯಿಂದ ಮೇವರೆಗೆ ಹದಿನಾರು ವಾರ, ಒಟ್ಟು 160 ಬಿಂದಿಗೆ. ಎಂಥ ಗಟ್ಟಿ ಗಿಡವಾದರೂ ಮೊದಲ ಎರಡು ಬೇಸಿಗೆ ಇದು ತಪ್ಪುವುದಿಲ್ಲ. ಹೊಲ ದೂರವಿದ್ದರೆ ಗಿಡದ ಹೆಸರಿಗಿಂತ ಮೊದಲು ಈ ಲೆಕ್ಕ ನೋಡಿ.

ಆಮೇಲೆ ಆಡು, ಕುರಿ, ದನ. ಬೇಲಿ ಇಲ್ಲದ ಜಾಗವಾದರೆ ಅರ್ಧ ಪಟ್ಟಿಗೆ ಅಲ್ಲಿಯೇ ಗೆರೆ ಎಳೆಯಿರಿ.

ಯಾವ ಮರ ಅನ್ನುವುದೂ ಲೆಕ್ಕಕ್ಕಿದೆ. ಹೊಂಗೆ ನೆರಳು ದಟ್ಟ, ಆದರೆ ಅದರ ಸೊಪ್ಪೇ ಗೊಬ್ಬರ. ಉದುರಿದ ಎಲೆ ಗುಡಿಸದೆ ಬಿಟ್ಟರೆ ಎರಡು ವರ್ಷದಲ್ಲಿ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಬೇವು ಬೇಸಿಗೆಯ ಬಾಯಲ್ಲಿ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಚಿಗುರಿಕೊಳ್ಳುತ್ತದೆ, ಅಂಚಿನಲ್ಲಿ ಚುಕ್ಕಿ ನೆರಳು ಕೊಡುತ್ತದೆ, ಕೆಳಗೆ ಗಿಡ ಬೆಳೆಸುವವನಿಗೆ ಒಳ್ಳೆಯ ನೆಂಟ. ಹುಣಸೆ ಬೆಳಕನ್ನು ಸೋಸಿ ಬಿಡುತ್ತದೆ ನಿಜ, ಆದರೂ ಅದರ ಬುಡದಲ್ಲಿ ಹುಲ್ಲೂ ಹುಟ್ಟುವುದಿಲ್ಲ ಅನ್ನುವ ಹಳಬರ ಮಾತು ಸುಳ್ಳಲ್ಲ. ಅದರ ಎಲೆಯಲ್ಲಿ ಬೇರೆ ಗಿಡಗಳನ್ನು ಕುಗ್ಗಿಸುವ ಗುಣ ಇದೆ. ಅಲ್ಲಿ ಏನೇ ಇದ್ದರೂ ರೆಂಬೆಯ ತುದಿಯಿಂದ ಆಚೆ. ನೀಲಗಿರಿ ಕೆಳಗೆ ಗಿಡ ಹಾಕುವ ಆಸೆಯನ್ನೇ ಬಿಡಿ.

ಆಡುಸೋಗೆ

ದಟ್ಟ ನೆರಳು, ಬೇಲಿ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಈ ಮೂರೂ ನಿಮ್ಮದಾದರೆ ಮುಂದೆ ಓದಬೇಕಾಗಿಯೇ ಇಲ್ಲ, ಆಡುಸೋಗೆ ಹಾಕಿ.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆಯನ್ನು ಸೋಲಿಸಿದ ಗಿಡ ಇದು. ಒಮ್ಮೆ ನಮ್ಮ ಹೊಲದ ದಾರಿಯಲ್ಲಿ ಆಡಿನ ಹಿಂಡು ಬಂತು, ನಾನು ದೊಣ್ಣೆ ಹುಡುಕುತ್ತಿದ್ದೆ. ಮೇಯಿಸುವ ಅಜ್ಜ ನಕ್ಕು, "ಬಿಡಿ ಸಾಮಿ, ಅದನ್ನ ಅವು ಮೂಸ್ತಾವೆ, ತಿನ್ನಲ್ಲ" ಅಂದ. ಒಂದು ಹೋತ ಬಂದು ಎಲೆಗೆ ಮೂತಿ ತಾಗಿಸಿತು, ತುಟಿ ಮೇಲೆತ್ತಿ ಹಲ್ಲು ಕಿರಿಯಿತು, ಪಕ್ಕದ ನುಗ್ಗೆಗೆ ಹೋಯಿತು. ನುಗ್ಗೆ ಉಳಿಯಲಿಲ್ಲ.

ಹಾಕುವ ಖರ್ಚು ಸೊನ್ನೆ. ಆರಿದ್ರ ಮಳೆ ಹೊತ್ತಿಗೆ ಪೆನ್ಸಿಲ್ ದಪ್ಪದ ಕಡ್ಡಿ ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಎರಡು ಗಿಣ್ಣು ಮಣ್ಣೊಳಗೆ ಇರುವ ಹಾಗೆ ಊರಿದರೆ ಸಾಕು. ಎರಡು ವರ್ಷಕ್ಕೆ ಆಳೆತ್ತರದ ಹಸಿರು ಗೋಡೆ. ಚಳಿಗಾಲದ ಹೊತ್ತಿಗೆ ಬಿಳಿ ಹೂವು, ಹೂವಿನ ತುಂಬ ಜೇನು. ಎಲೆಯನ್ನು ಕೆಮ್ಮಿನ ಕಷಾಯಕ್ಕೆ ಬಳಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಸುರಿಯರು ಮಾತ್ರ ಇದನ್ನು ಕುಡಿಯಬಾರದು, ಇದರ ಸತ್ವ ಗರ್ಭಕೋಶವನ್ನು ಹಿಂಡುವಂಥದ್ದು.

ಕೊರತೆ ಏನು? ಹಣ ಹುಟ್ಟುವುದಿಲ್ಲ. ನೋಡಲು ಅಷ್ಟೇನೂ ಚೆಂದವಿಲ್ಲ, ವರ್ಷಕ್ಕೊಮ್ಮೆ ಸವರದಿದ್ದರೆ ಕೆಳಗೆಲ್ಲ ಬೋಳಾಗಿ ಮೇಲೊಂದು ಗೊಂಚಲು ಉಳಿಯುತ್ತದೆ. ಮನೆ ಮುಂದಕ್ಕೆ ನಾನು ಹಾಕಲಾರೆ, ಹಿಂದಕ್ಕೆ ಇದನ್ನು ಬಿಟ್ಟು ಬೇರೆ ಹಾಕಲಾರೆ.

ಕರಿಬೇವು

ಹತ್ತರಲ್ಲಿ ಎಂಟು ಜನ ಕೇಳುವುದು ಇದನ್ನೇ. ಕರಿಬೇವು ಮೂಲತಃ ಕಾಡಿನ ಕೆಳಮಟ್ಟದ ಪೊದೆಯೇ, ದೊಡ್ಡ ಮರದಡಿ ಹುಟ್ಟಿ ಬೆಳೆದ ಗಿಡ. ಹಾಗಾಗಿ ಅರ್ಧ ನೆರಳು ಅದಕ್ಕೆ ಹೊಸದಲ್ಲ. ನಮ್ಮ ಮನೆಯಲ್ಲಿ ಒಂದು ಗಿಡ ಪೂರ್ತಿ ಬಿಸಿಲಿನಲ್ಲಿದೆ, ಇನ್ನೊಂದು ಬೇವಿನ ಅಂಚಿನಲ್ಲಿ. ಬಿಸಿಲಿನದರ ಎಲೆ ಚಿಕ್ಕದು, ದಪ್ಪ, ಎಣ್ಣೆಗೆ ಬಿದ್ದ ಕೂಡಲೇ ಮನೆಯೆಲ್ಲ ಘಮ್ಮೆನ್ನುತ್ತದೆ. ನೆರಳಿನದು ಅಗಲ, ತೆಳು. ಒಗ್ಗರಣೆಗೆ ನಾಲ್ಕರ ಜಾಗದಲ್ಲಿ ಆರು ಎಸಳು ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ. ಬೇಸಿಗೆಯಲ್ಲಿ ಬಿಸಿಲಿನ ಗಿಡ ಸುಟ್ಟು ಸೊರಗಿದಾಗ ಅಡುಗೆಮನೆ ನಡೆಸುವುದು ನೆರಳಿನದೇ.

ದಟ್ಟ ನೆರಳಿಗೆ ಮಾತ್ರ ಬೇಡ, ಬದುಕುತ್ತದೆ, ಆದರೆ ಕೀಳಲು ಎಲೆ ಇರುವುದಿಲ್ಲ. ಗಿಡ ತರುವಾಗ ಎರಡು ದಾರಿ. ಹಳೆಯ ಗಿಡದ ಬೇರಿನಿಂದ ಏಳುವ ಮರಿಯನ್ನು ಬೇರು ಸಮೇತ ಕಿತ್ತು ತರುವುದು ಪುಕ್ಕಟೆ, ಆದರೆ ಅರ್ಧಕ್ಕರ್ಧ ಸಾಯುತ್ತವೆ. ಬೀಜ ಹಾಕುವುದಾದರೆ ಕಪ್ಪಾದ ಹಣ್ಣಿನಿಂದ ತೆಗೆದ ಕೂಡಲೇ ಹಾಕಬೇಕು, ತಿಂಗಳು ಇಟ್ಟರೆ ಹುಟ್ಟುವುದಿಲ್ಲ. ಹತ್ತಿಪ್ಪತ್ತು ಗಿಡ ಹಾಕಿ ಸಂತೆಗೆ ಕೊಡುವ ಯೋಚನೆ ಇದ್ದವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಡಿ ತಳಿಗಳನ್ನು ಕೇಳಿ ತರಲಿ, ಮನೆ ಮಟ್ಟಿಗಾದರೆ ಪಕ್ಕದ ಮನೆಯ ಗಿಡದ ಎಲೆಯನ್ನು ಉಜ್ಜಿ ಮೂಸಿ ನೋಡಿದರೆ ಸಾಕು.

ಚಿಟ್ಟೆಯ ಹುಳು ಬರುತ್ತದೆ, ಎಳೆ ಗಿಡವನ್ನು ಎರಡು ದಿನದಲ್ಲಿ ಬೋಳಿಸುತ್ತದೆ. ಮೊದಲು ಹಕ್ಕಿ ಹಿಕ್ಕೆಯ ಹಾಗೆ ಕಾಣುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕೈಯಲ್ಲಿ ಎತ್ತಿ ದೊಡ್ಡ ಗಿಡಕ್ಕೆ ಬಿಡಿ, ದೊಡ್ಡದಕ್ಕೆ ಅದರಿಂದ ಏನೂ ಆಗದು.

ಕನಕಾಂಬರ

ಕನಕಾಂಬರ ದಕ್ಷಿಣದ್ದೇ ಗಿಡ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಚುಕ್ಕಿ ನೆರಳು ಅದಕ್ಕೆ ಹಿತ, ಪೂರ್ತಿ ಬಿಸಿಲಿಗಿಂತ ಎಲೆ ಕಡು ಹಸಿರು, ಹೂವಿನ ಬಣ್ಣವೂ ಬೇಗ ಮಾಸುವುದಿಲ್ಲ. ಒಂದೂವರೆ ಎರಡು ಅಡಿ ಎತ್ತರ, ಸಸಿ ನೆಟ್ಟ ಎರಡು ಮೂರು ತಿಂಗಳಿಗೇ ಹೂವು. ಈ ಪಟ್ಟಿಯಲ್ಲಿ ಬೇಗ ಕೈಗೆ ಏನಾದರೂ ಕೊಡುವುದು ಇದೊಂದೇ.

ನಾಟಿ ಕನಕಾಂಬರದ ಒಣಗಿದ ಕಾಯಿಯನ್ನು ಬಾಯಲ್ಲಿ ಒದ್ದೆ ಮಾಡಿ ಅಂಗೈ ಮೇಲಿಟ್ಟುಕೊಂಡು ಕಾದವರಿಗೆ ಗೊತ್ತು, ಟಪ್ಪೆಂದು ಸಿಡಿದು ಬೀಜ ಮುಖಕ್ಕೇ ಹಾರುತ್ತದೆ. ಮಳೆ ಬಿದ್ದಾಗ ಗಿಡ ತಾನೇ ತನ್ನ ಬೀಜ ಬಿತ್ತಿಕೊಳ್ಳುವುದು ಹೀಗೆ. ಒಮ್ಮೆ ಹಾಕಿದರೆ ಮರುವರ್ಷ ಸುತ್ತ ಸಸಿಗಳೇ ಸಸಿಗಳು. ಅಂಗಡಿ ಹೂವಿನ 'ಡೆಲ್ಲಿ' ಕನಕಾಂಬರ ಹಾಗಲ್ಲ, ಅದಕ್ಕೆ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಮಾಡಬೇಕು. ಹೂವು ಮಾತ್ರ ಅದರದ್ದೇ ಹೆಚ್ಚು.

ಈಗ ಬೆಲೆ ತೆರುವ ಮಾತು. ನೀರು ತಪ್ಪಿದರೆ ಇದು ಕ್ಷಮಿಸುವುದಿಲ್ಲ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲವಾದರೂ ಬೇಕು. ಬದನೆ, ಟೊಮೆಟೊ ಬೆಳೆದ ಮಣ್ಣಾದರೆ ಬೇರಿಗೆ ಜಂತುಹುಳು ಹಿಡಿದು ಗಂಟು ಗಂಟಾಗಿ ಗಿಡ ಹಳದಿಯಾಗುತ್ತದೆ. ಇನ್ನು ಕೀಳುವ ಕೆಲಸ. ಹೂವು ಗಾಳಿಯಷ್ಟು ಹಗುರ, ಒಂದು ಮಾರು ಕಟ್ಟಬೇಕಾದರೆ ಬೆಳಗಿನ ಒಂದು ಗಂಟೆ ಬಗ್ಗಿ ನಿಂತಿರಬೇಕು. ಮನೆಯಲ್ಲಿ ಹೂ ಮುಡಿಯುವವರು, ಪೂಜೆಗೆ ಬೇಕಾದವರು ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಉದುರಿ ಹೋಗುವ ಹೂವಿಗೆ ನೀರು ಹೊತ್ತ ಹಾಗೆ.

ಸೀತಾಫಲ, ಕವಳಿ

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ, ತಪ್ಪು ತಿಳಿವಳಿಕೆ ಒಂದೇ ಆದ್ದರಿಂದ. ಜೋಗಿಮಟ್ಟಿಯಲ್ಲಿ, ಕೋಟೆಯ ಬಂಡೆ ಸಂದಿಯಲ್ಲಿ ಯಾರೂ ನೀರು ಹಾಕದೆ ಸೀತಾಫಲ ಬೆಳೆಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆದ್ದಾರಿ ಬದಿಯಲ್ಲಿ ಮಂಕರಿ ಇಟ್ಟುಕೊಂಡು ಮಾರುತ್ತಾರೆ. ಅದನ್ನು ನೋಡಿದವರಿಗೆ ಹಿತ್ತಲಲ್ಲೂ ಬಂದೀತು ಅನ್ನಿಸುವುದು ಸಹಜ. ಗಿಡ ಬರುತ್ತದೆ, ಹಣ್ಣು ಬರುವುದಿಲ್ಲ. ಬಂಡೆ ಮೇಲೆ ಅದಕ್ಕೆ ಸಿಗುತ್ತಿದ್ದದ್ದು ಬೆಳಕು, ಹೊಂಗೆಯಡಿ ಇಲ್ಲದ್ದೂ ಅದೇ. ಬೇವಿನ ಅಂಚಿನಲ್ಲಿ, ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಕಡೆ ಇಟ್ಟರೆ ಬೀಜದ ಗಿಡ ಮೂರು ನಾಲ್ಕು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಎರಡು ಅನುಕೂಲ ಇದಕ್ಕಿದೆ: ಆಡು-ದನ ಎಲೆ ಮುಟ್ಟುವುದಿಲ್ಲ, ಬೇಸಿಗೆಯಲ್ಲಿ ತಾನೇ ಎಲೆ ಉದುರಿಸಿ ಮಲಗುವುದರಿಂದ ಮೊದಲ ಎರಡು ಬೇಸಿಗೆ ದಾಟಿದ ಮೇಲೆ ನೀರಿನ ಕಾಟವಿಲ್ಲ. ಬಿಳಿ ಹಿಟ್ಟಿನಂಥ ಹಿಟ್ಟುತಿಗಣೆ ಬಂದರೆ, ಅದನ್ನು ಹೊತ್ತು ಹರಡುವ ಇರುವೆಯ ಓಡಾಟ ಮೊದಲು ತಪ್ಪಿಸಿ. ಬೀಜದ ಪುಡಿ ಹೇನಿಗೆ ಒಳ್ಳೆಯದು ಅಂತ ಮಕ್ಕಳ ತಲೆಗೆ ಹಚ್ಚುವವರಿದ್ದಾರೆ, ಕಣ್ಣಿಗೆ ಬಿದ್ದರೆ ದೊಡ್ಡ ಗಂಡಾಂತರ. ಮಾಡಬೇಡಿ.

ಕವಳಿಯದು ಇನ್ನೂ ನಿಧಾನ. ಮೊದಲ ಎರಡು ವರ್ಷ ಬದುಕಿದೆಯೋ ಇಲ್ಲವೋ ಅನ್ನಿಸುವಷ್ಟು. ಆಮೇಲೆ ಕವಲು ಮುಳ್ಳಿನ ಎಂಥ ಬೇಲಿ ಅಂದರೆ ನಾಯಿಯೂ ನುಗ್ಗುವುದಿಲ್ಲ. ಬಿಳಿ ಹೂವಿನ ವಾಸನೆ ಮಲ್ಲಿಗೆಯನ್ನು ನೆನಪಿಸುತ್ತದೆ, ಹುಳಿ ಕಾಯಿಯ ಉಪ್ಪಿನಕಾಯಿ ತಿಂದವರಿಗೆ ಬೇರೆ ಮಾತು ಬೇಡ. ಸಣ್ಣ ಮಕ್ಕಳು ಆಡುವ ಅಂಗಳವಾದರೆ ಬೇಡ. ಹೊಲದ ಬದುವಿನ ಬೇವಿನ ಸಾಲಿಗೆ, ಹತ್ತು ವರ್ಷ ಕಾಯುವ ತಾಳ್ಮೆಯವರಿಗೆ ಇದು.

ಬಂದರಿಕೆ, ಲಕ್ಕಿ ಇವನ್ನೂ ಕೆಲವರು ಕೇಳುತ್ತಾರೆ. ಎರಡೂ ಬಿಸಿಲಿನವು, ಮರದಡಿ ಬಾಗಿಕೊಂಡು ಹೋಗುತ್ತವೆ. ಬೇಲಿಗೆ ಸರಿ, ನೆರಳಿಗಲ್ಲ.

ಅರಿಶಿನ

ಅರಿಶಿನ ಪೊದೆಯಲ್ಲ, ಆದರೂ ಇಲ್ಲಿ ಸೇರಿಸಲು ಕಾರಣ ಇದೆ. ಮುಂಗಾರಿಗೆ ಹುಟ್ಟಿ, ಮಳೆಗಾಲದ ನೆರಳಿನಲ್ಲಿ ಅಗಲ ಎಲೆ ಬಿಚ್ಚಿ, ಸಂಕ್ರಾಂತಿ ಹೊತ್ತಿಗೆ ಒಣಗಿ ನೆಲದೊಳಗೆ ಮಲಗಿಬಿಡುತ್ತದೆ. ಆ 160 ಬಿಂದಿಗೆಯ ಲೆಕ್ಕ ಇದಕ್ಕೆ ಅನ್ವಯಿಸುವುದೇ ಇಲ್ಲ. ದೀಪಾವಳಿಯಿಂದ ಎರಡು ತಿಂಗಳು ಮಾತ್ರ ನೀರು ನೋಡಿಕೊಳ್ಳಬೇಕು. ನೆರಳಿನಲ್ಲಿ ಗಡ್ಡೆ ಸಣ್ಣ, ಮನೆ ಬಳಕೆಗೆ ಸಾಲುತ್ತದೆ.

ತೊಂದರೆ ಇರುವುದು ಕೀಳುವಾಗ. ಹೊಂಗೆ ಬೇರಿನ ಚಾಪೆಯೊಳಗೆ ಗಡ್ಡೆ ಹುಡುಕುವುದು ಜಡೆಯ ಸಿಕ್ಕು ಬಿಡಿಸಿದ ಹಾಗೆ, ಗುದ್ದಲಿ ಹಾಕಿದರೆ ಮರದ ಬೇರಿಗೆ ಪೆಟ್ಟು. ನಾನು ಹಳೆಯ ಗೊಬ್ಬರದ ಚೀಲಗಳಲ್ಲಿ ಅರ್ಧ ಮಣ್ಣು, ಅರ್ಧ ಸಗಣಿ ಗೊಬ್ಬರ ತುಂಬಿ ಮರದಡಿ ಇಡುತ್ತೇನೆ. ಚೀಲ ಮಗುಚಿದರೆ ಕೆಲಸ ಮುಗಿಯಿತು. ಬಾಡಿಗೆ ಮನೆಯವರಿಗೂ ಇದೇ ದಾರಿ.

ತಾನೇ ಬರುವ ಲಂಟಾನ

ಬಣ್ಣದ ಹೂವಿದೆ, ನೀರು ಕೇಳುವುದಿಲ್ಲ, ಆಡೂ ಮುಟ್ಟುವುದಿಲ್ಲ, ಇದನ್ನೇ ಯಾಕೆ ಬೆಳೆಯಲು ಬಿಡಬಾರದು ಅಂತ ಕೇಳಿದವರೂ ಇದ್ದಾರೆ. ನಾನು ಹೇಳಿದ ಅಳತೆಗಳಲ್ಲಿ ಲಂಟಾನ ಹೆಚ್ಚಿನದರಲ್ಲಿ ಗೆಲ್ಲುತ್ತದೆ, ಒಪ್ಪುತ್ತೇನೆ. ಹೊರದೇಶದಿಂದ ಅಲಂಕಾರಕ್ಕೆ ಅಂತ ಕಲ್ಕತ್ತೆಗೆ ಬಂದು ಇನ್ನೂರು ವರ್ಷ ಕಳೆದಿದೆ, ಈಗ ಒಣಕಾಡುಗಳ ಕೆಳಮಟ್ಟವನ್ನೆಲ್ಲ ಅದು ನುಂಗುತ್ತಿದೆ. ಹಕ್ಕಿ ಹಣ್ಣು ತಿಂದು ಬೀಜ ಹರಡುತ್ತದೆ, ಕೆಳಗೆ ಹುಲ್ಲು, ಮರದ ಸಸಿ ಏಳಲು ಬಿಡುವುದಿಲ್ಲ. ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ವನ್ಯಧಾಮವಾದದ್ದು ಕೊಂಡುಕುರಿಗಾಗಿ. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿಗೆ ಹೊಟ್ಟೆಪಾಡೂ ಮರೆಯೂ ಹುಲ್ಲು ಮತ್ತು ಪೊದೆಯೇ. ಕಾಡಂಚಿನ ಹೊಲದವರು ಲಂಟಾನ ಬೆಳೆಸಿದರೆ ಕೊಂಡುಕುರಿಯ ಬಾಯಿಯ ತುತ್ತಿಗೆ ಕೈ ಹಾಕಿದ ಹಾಗೆ. ಬರಗಾಲದಲ್ಲಿ ಹಸಿದ ದನ ತಿಂದರೆ ಪಿತ್ತಜನಕಾಂಗ (ಲಿವರ್) ಕೆಟ್ಟು ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಈಗಾಗಲೇ ಇದ್ದರೆ ಬುಡ ಕಡಿಯಬೇಡಿ, ದುಪ್ಪಟ್ಟು ಚಿಗುರುತ್ತದೆ. ಮಣ್ಣಿನೊಳಗೆ ಎರಡು ಮೂರು ಇಂಚು ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ಬೇರು ಮೇಲಾಗಿ ಮಗುಚಿಡಿ. ಹೂವು ಬಿಡುವ ಮೊದಲು ಮಾಡಿದರೆ ಒಳ್ಳೆಯದು.

ನನ್ನನ್ನು ಕೇಳಿದರೆ

ಮನೆ ಹಿಂದೆ ದಟ್ಟ ನೆರಳಿನ ಹೊಂಗೆ ಅಥವಾ ಮಾವು ಇದ್ದವರಿಗೆ ಬುಡದ ಹತ್ತಿರ ಆಡುಸೋಗೆ, ಅಂಚಿಗೆ ಒಂದೇ ಒಂದು ಕರಿಬೇವು, ಮಧ್ಯೆ ಅರಿಶಿನದ ಚೀಲ. ನರ್ಸರಿಯಲ್ಲಿ ಕರಿಬೇವಿಗೆ ಕೊಡುವ 30-40 ರೂಪಾಯಿ ಬಿಟ್ಟರೆ ಮಿಕ್ಕದ್ದಕ್ಕೆ ಖರ್ಚು ಅನ್ನುವಂಥದ್ದಿಲ್ಲ. ನಲ್ಲಿ ಹತ್ತಿರವಿದ್ದು ದಿನಾ ಹೂ ಬೇಕಾದ ಮನೆಗೆ, ಬೇವು ಅಥವಾ ನುಗ್ಗೆಯ ಚುಕ್ಕಿ ನೆರಳಿದ್ದರೆ, ಕನಕಾಂಬರದ ಸಾಲು. ಹೊಲದ ಬದುವಿಗೆ, ಮೊದಲ ಎರಡು ಬೇಸಿಗೆ ನೀರು ಹೊಯ್ದು ಆಮೇಲೆ ತಿಂಗಳಿಗೊಮ್ಮೆ ಮಾತ್ರ ಹೋಗುವವರಿಗೆ ಸೀತಾಫಲ. ಬದು ಉದ್ದವಿದ್ದು ನೂರಾರು ಸಸಿ ಬೇಕಾದರೆ ಅಂಗಡಿಗೆ ಹೋಗಬೇಡಿ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ರಿಯಾಯಿತಿ ದರಕ್ಕೆ ಏನೇನು ಸಿಗುತ್ತದೆ ಕೇಳಿ. ಮುಂಗಾರಿನ ಮೊದಲೇ ಹೆಸರು ಬರೆಸಬೇಕು, ಮಳೆ ಬಿದ್ದ ಮೇಲೆ ಹೋದರೆ ಉಳಿದದ್ದು ಕೊಡುತ್ತಾರೆ.

ನೆಡುವಾಗ ಮರದ ಬುಡದಿಂದ ನಾಲ್ಕಡಿಯಾದರೂ ಬಿಡಿ. ಹೆಬ್ಬೆರಳು ದಪ್ಪದ ಬೇರು ಸಿಕ್ಕರೆ ಕಡಿಯಬೇಡಿ, ಗುಂಡಿಯನ್ನೇ ಪಕ್ಕಕ್ಕೆ ಸರಿಸಿ. ಹೊಸ ಮಣ್ಣು ತಂದು ಕಾಂಡಕ್ಕೆ ಏರಿಸುವ ಚಾಳಿ ಬಿಡಿ, ತೊಗಟೆ ಕೊಳೆತು ಮರವೇ ಹೋಗುತ್ತದೆ. ದಾಸವಾಳದ ಹೊತ್ತಿನಲ್ಲಿ ನಾನು ಒಂದಡಿ ಮಣ್ಣು ಏರಿಸಿದ್ದೆ, ನಮ್ಮ ಹೊಂಗೆಯ ಒಂದು ಕವಲು ಒಣಗಿದ ಮೇಲೆ ಅದನ್ನೆಲ್ಲ ಬಗೆದು ತೆಗೆದೆ. ಮುಂಗಾರು ಕೈಕೊಟ್ಟ ವರ್ಷ ಗಾಬರಿ ಬೇಡ. ನಮ್ಮ ಕಡೆ ಉತ್ತರೆ, ಹಸ್ತ ಮಳೆಯೇ ಎಷ್ಟೋ ಸಲ ಮುಂಗಾರಿಗಿಂತ ಚೆನ್ನಾಗಿ ಹೊಯ್ಯುತ್ತದೆ. ಸೆಪ್ಟೆಂಬರಿನಲ್ಲಿ ನೆಟ್ಟ ಆಡುಸೋಗೆ ಕಡ್ಡಿಗಳೇ ನನಗೆ ಹೆಚ್ಚು ಹಿಡಿದದ್ದು.